ಸಂಡೂರಿನ ಗುಡ್ಡಗಳ ನಡುವೆ ಟ್ರಂಕಿಂಗ್ ವಾಕಿಟಾಕಿ: ದೀರ್ಘ ಬಳಕೆಯ ಅನುಭವ

ಸಂಡೂರು ಬದಿಯ ಅದಿರು ಯಾರ್ಡ್ ಒಂದರ ಭದ್ರತೆ ನೋಡಿಕೊಳ್ಳುವುದು ನನ್ನ ಕೆಲಸ. ಹಳೆಯ ಅನಲಾಗ್ ಸೆಟ್‌ಗಳನ್ನು ಬಿಟ್ಟು ಡಿಎಂಆರ್ ಎಂಬ ಡಿಜಿಟಲ್ ರೇಡಿಯೊ ಮಾನದಂಡದ ಟಿಯರ್ 3 (ಮೂರನೇ ಹಂತ) ಟ್ರಂಕಿಂಗ್‌ಗೆ ಬಂದು ವರ್ಷಗಳಾದವು. ಹಿಂದಕ್ಕೆ ಹೋಗು ಎಂದರೆ ಹೋಗಲಾರೆ, ಆದರೂ ದೂರುಗಳಿವೆ.

ಮೊದಲು ವೇಬ್ರಿಡ್ಜ್‌ಗೊಂದು, ಲೋಡಿಂಗ್‌ಗೊಂದು, ಗೇಟ್‌ಗಳಿಗೊಂದು ಚಾನೆಲ್ ಹಂಚಿದ್ದರು. ಲೋಡಿಂಗ್‌ನವರು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರೆ ಪಕ್ಕದ ಚಾನೆಲ್ ಸುಮ್ಮನೆ ಬಿದ್ದಿರುತ್ತಿತ್ತು. ಟ್ರಂಕಿಂಗ್‌ನಲ್ಲಿ ಯಾವ ಚಾನೆಲೂ ಯಾರ ಸ್ವತ್ತೂ ಅಲ್ಲ. ಬಟನ್ ಒತ್ತಿದೊಡನೆ ಸೆಟ್, ಚಾನೆಲ್ ಹಂಚುವುದಕ್ಕೆಂದೇ ಇರುವ ನಿಯಂತ್ರಣ ಚಾನೆಲ್‌ನಲ್ಲಿ ಜಾಗ ಕೇಳುತ್ತದೆ. ಖಾಲಿ ಇದ್ದದ್ದು ನಮ್ಮ ಗುಂಪಿಗೆ ಸಿಗುತ್ತದೆ. ಮಾತು ಮುಗಿದರೆ ಅದು ಮತ್ತೆ ಎಲ್ಲರದು. 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್‌ನಲ್ಲಿ ಎರಡು ಸಂಭಾಷಣೆ ನಡೆಯುತ್ತವೆ. ಮಾತನಾಡುವವರ ಗುರುತು ಪರದೆಯ ಮೇಲೆ ಮೂಡುವುದರಿಂದ ರಾತ್ರಿ ಪಾಳಿಯ ಶಿಳ್ಳೆ, ಹಾಡು ತಾವಾಗಿ ನಿಂತವು!

ಆ ಜಾಗ ಕೇಳುವ ಅರೆಗಳಿಗೆಯಲ್ಲೇ ತೊಂದರೆ ಇರುವುದು. ಒಪ್ಪಿಗೆಯ ಬೀಪ್ ಬರುವ ಮೊದಲೇ ಬಾಯಿ ತೆರೆದರೆ ಮೊದಲ ಪದ ಹಾರಿಹೋಗುತ್ತದೆ. ಕಾವಲುಗಾರ "ಮೂರನೇ ಗೇಟ್‌ನಲ್ಲಿ ಲಾರಿ ನಿಲ್ಲಿಸಿ" ಎಂದದ್ದು "ಗೇಟ್‌ನಲ್ಲಿ ಲಾರಿ ನಿಲ್ಲಿಸಿ" ಎಂದಷ್ಟೇ ಕೇಳಿಸಿ, ಎಲ್ಲ ಗೇಟ್‌ಗಳಲ್ಲೂ ಟಿಪ್ಪರ್‌ಗಳು ಸಾಲುಗಟ್ಟಿದವು. ಮಾರಿದವರ ತರಬೇತಿಯಲ್ಲಿ ಮೆನುವಿನ ಪುರಾಣವೆಲ್ಲ ಇತ್ತು, ಈ ಒಂದು ಮಾತು ಇರಲಿಲ್ಲ.

ಅನಲಾಗ್ ಸೆಟ್ ದೂರ ಹೋದಂತೆ ಗೊರಗುಟ್ಟಿ ಮೊದಲೇ ಎಚ್ಚರಿಸುತ್ತಿತ್ತು. ಡಿಜಿಟಲ್‌ನಲ್ಲಿ ಕೊನೆಯವರೆಗೂ ದನಿ ಸ್ವಚ್ಛ, ಆಮೇಲೆ ಒಮ್ಮೆಲೇ ಏನೂ ಇಲ್ಲ. ಗುಡ್ಡದ ಹಿಂಬದಿಯ ತಿರುವಿನಲ್ಲಿ ನಮಗೆ ಟವರ್ ಸಿಗುವುದಿಲ್ಲ. ಅಲ್ಲಿ ಸೆಟ್‌ನಿಂದ ಸೆಟ್‌ಗೆ ನೇರವಾಗಿ ಮಾತನಾಡುವ ಡೈರೆಕ್ಟ್ ಮೋಡ್ ಒಂದೇ ಗತಿ.

ಬ್ಯಾಟರಿ ಪಾಳಿ ಮುಗಿಯುವವರೆಗೆ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಜೀಪಿನೊಳಗೆ ಬಿಟ್ಟವು ಬೇಗ ಸತ್ತಿವೆ. ಅದಿರಿನ ಕೆಂಪು ದೂಳು ಚಾರ್ಜರ್‌ನ ಲೋಹದ ತುದಿಗಳ ಮೇಲೆ ಕೂರುತ್ತದೆ, ಒಣಬಟ್ಟೆಯಿಂದ ಒರೆಸುತ್ತಿರಬೇಕು.

ಪೊಲೀಸರಿಗೆ ರಾಜ್ಯಕ್ಕೆಲ್ಲ ಇಂಥದೇ ಒಂದು ಜಾಲ ಇದ್ದರೆ ಹೇಗೆ ಎಂದು ಗೆಳೆಯರು ಕೇಳುವುದುಂಟು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪಿ25 ಎಂಬ, ಪೊಲೀಸ್ ಮತ್ತು ತುರ್ತು ಸೇವೆಗಳ ಡಿಜಿಟಲ್ ರೇಡಿಯೊ ಮಾನದಂಡದ ಅಂಥ ಜಾಲವಿದೆ. ವಾಹನ ಒಂದು ಟವರ್‌ನ ಸರಹದ್ದು ದಾಟಿದರೆ ಸೆಟ್ ತಾನೇ ಮುಂದಿನ ಟವರ್ ಹಿಡಿಯುತ್ತದೆ. ನಮ್ಮಲ್ಲಿ ಹಾಗಾದರೆ ರಾಯಚೂರಿನ ತಂಡ ಬಳ್ಳಾರಿಗೆ ಬಂದರೂ ತನ್ನ ಗುಂಪಿನಲ್ಲೇ ಮಾತನಾಡಬಹುದು. ಆದರೆ ಕೇಂದ್ರದೊಂದಿಗಿನ ಕೊಂಡಿ ಕಡಿದ ಟವರ್ ತನ್ನ ಸುತ್ತಲಿನವರಿಗಷ್ಟೇ ದುಡಿಯಬಲ್ಲದು. ಹೊಸದು ಬಂದಿತೆಂದು ಠಾಣೆಯ ಹಳೆಯ ವಿಎಚ್‌ಎಫ್ ಸೆಟ್‌ಗಳನ್ನು ಗುಜರಿಗೆ ಹಾಕುವುದು ಬೇಡ ಎಂದೇ ಹೇಳುತ್ತೇನೆ.

ಹತ್ತಾರು ಸೆಟ್‌ಗಳ ಸಣ್ಣ ಯಾರ್ಡ್‌ಗೆ ಇದು ದುಂದು. ದೊಡ್ಡವರು ಕೊಳ್ಳಲಿ, ಹಣ ಕಟ್ಟುವ ಮೊದಲು ಡೆಮೊ ಸೆಟ್ ಹಿಡಿದು ತಮ್ಮ ಆವರಣದ ಅತಿ ಕೆಟ್ಟ ಮೂಲೆಯಲ್ಲಿ ನಿಂತು ಮಾತನಾಡಲಿ. ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ತರಂಗಾಂತರ ಹಂಚುವ ಡಬ್ಲ್ಯುಪಿಸಿ ವಿಭಾಗದ ಪರವಾನಗಿಗೆ ಅರ್ಜಿಯನ್ನೂ ಆಗಲೇ ಹಾಕಿಬಿಡಲಿ.