ಕಮೋಡ್ ಕಲೆಗೆ ಸಿಟ್ರಿಕ್ ಆಸಿಡ್ ಪುಡಿ: ಒಂದೂವರೆ ವರ್ಷ ಬಳಸಿದ ಮೇಲೆ

ಹಾಕಿದ ಐದೇ ನಿಮಿಷಕ್ಕೆ ಕಮೋಡ್ ಫಳಫಳ ಅನ್ನಬೇಕು ಅನ್ನುವವರಿಗೆ ಈ ಪುಡಿ ಅಲ್ಲ. ಇದಕ್ಕೆ ಒಂದು ರಾತ್ರಿ ಬೇಕು.

ನಮ್ಮನೆಗೆ ಬರುವುದು ಗಡಸು ನೀರು. ಕಮೋಡ್ ಒಳಗೆ ನೀರು ನಿಲ್ಲುವ ಕಡೆ ಕಂದು ಉಂಗುರ, ಮೇಲಿನ ತೂತುಗಳಿಂದ ಇಳಿದ ಹಳದಿ ಪಟ್ಟೆ. ಮೊದಮೊದಲು ಬ್ಲೀಚ್ ಸುರಿಯುತ್ತಿದ್ದೆ. ಬೆಳ್ಳಗಾಗುತ್ತಿತ್ತು, ಎರಡು ವಾರಕ್ಕೆ ಮತ್ತೆ ಅದೇ ಕಂದು. ಬ್ಲೀಚ್ ಬಣ್ಣವನ್ನಷ್ಟೇ ತೆಗೆಯುತ್ತದೆ, ಕೆಳಗೆ ಗಟ್ಟಿಯಾಗಿ ಕೂತ ಸುಣ್ಣದ ಪದರವನ್ನು ಕರಗಿಸುವುದಿಲ್ಲ. ಆ ಒರಟು ಮೈಗೆ ಹೊಸ ಕೊಳೆ ಬಂದು ಅಂಟುತ್ತದೆ. ತುಕ್ಕಿನ ಕಲೆಗಂತೂ ಬ್ಲೀಚ್ ಬೇಡವೇ ಬೇಡ, ಇನ್ನೂ ಗಟ್ಟಿಯಾಗಿ ಕೂತುಬಿಡುತ್ತದೆ.

ಒಂದು ದಿನ ಸಿಟ್ಟು ಬಂದು, ಪಾತ್ರೆ ಉಜ್ಜುವ ಸ್ಟೀಲ್ ಜುಂಗು ತಗೊಂಡು ತಿಕ್ಕಿದೆ. ಉಂಗುರ ಅರ್ಧ ಹೋಯಿತು. ಆ ಜಾಗದಲ್ಲಿ ಕೂದಲೆಳೆಯಂಥ ಬೂದು ಗೀರುಗಳು ಬಂದವು. ಪಿಂಗಾಣಿಯ ಮೇಲೆ ಗಾಜಿನಂಥ ತೆಳು ಹೊಳಪಿನ ಪದರ ಇರುತ್ತದಲ್ಲ, ಕೊಳೆ ಜಾರಿ ಹೋಗುವುದು ಅದರಿಂದಲೇ. ಅದಕ್ಕೆ ಗೀರು ಬಿದ್ದರೆ ಮುಗಿಯಿತು, ಯಾವ ಪುಡಿಯೂ ಅದನ್ನು ವಾಪಸ್ ತರಲ್ಲ.

ಆಮೇಲೆ ತಂದಿದ್ದು ಈ ಪುಡಿ. ನಿಂಬೆ ಉಪ್ಪು ಅಂತಲೂ ಕರೆಯುತ್ತಾರೆ. ನಾನು ಮಾಡುವುದು ಹೀಗೆ: ಬ್ರಷ್‌ನಿಂದ ನೀರನ್ನು ಒಳಕ್ಕೆ ತಳ್ಳಿ ಮಟ್ಟ ಇಳಿಸುತ್ತೇನೆ, ಇಲ್ಲದಿದ್ದರೆ ಪುಡಿ ಸುಮ್ನೆ ನೀರುನೀರಾಗುತ್ತದೆ. ಸುಮಾರು 100 ಗ್ರಾಂ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ಸುರಿಯುತ್ತೇನೆ. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಡಬಹುದು. ಅಂಚಿನ ಕೆಳಗೆ ನೀರು ನಿಲ್ಲುವುದಿಲ್ಲವಲ್ಲ, ಅಲ್ಲಿಗೆ ಟಿಶ್ಯೂ ಪೇಪರನ್ನು ಅದೇ ನೀರಲ್ಲಿ ಅದ್ದಿ ಒತ್ತಿ ಅಂಟಿಸುತ್ತೇನೆ. ಬೆಳಿಗ್ಗೆ ಗ್ಲೌಸ್ ಹಾಕಿ ಪೇಪರ್ ಕಿತ್ತು, ಪ್ಲಾಸ್ಟಿಕ್ ಬ್ರಷ್‌ನಲ್ಲಿ ಉಜ್ಜಿ ಫ್ಲಶ್ ಮಾಡುತ್ತೇನೆ.

ಮೊದಲ ರಾತ್ರಿ ಕಳೆದಾಗ ಉಂಗುರದ ಅಂಚು ಮೆತ್ತಗಾಗಿ ಹಿಟ್ಟಿನಂತೆ ಎದ್ದು ಬಂತು. ನಡುವಿನ ದಪ್ಪ ಭಾಗ ಅಲ್ಲಾಡಲಿಲ್ಲ. ಪೂರ್ತಿ ಹೋಗಲು ಮೂರು ರಾತ್ರಿ ಹಿಡಿಯಿತು. ಆಮೇಲೆ ಹದಿನೈದು ದಿನಕ್ಕೊಮ್ಮೆ ಎರಡು ಚಮಚ ಹಾಕಿದರೆ ಸಾಕಾಗುತ್ತಿದೆ. ಹೊಳಪು ಎಲ್ಲೂ ಮಂಕಾಗಿಲ್ಲ.

ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ನೊರೆ ಎಬ್ಬಿಸುವ ವಿಡಿಯೋಗಳನ್ನು ನಾನೂ ನಂಬಿದ್ದೆ. ನೊರೆ ಚೆನ್ನಾಗಿಯೇ ಬರುತ್ತದೆ. ಆದರೆ ಒಂದು ಇನ್ನೊಂದರ ಹುಳಿಯನ್ನು ಕೊಂದುಹಾಕುತ್ತದೆ, ಕಲೆಗೆ ಉಳಿಯುವುದೇನು?

ಕೊರತೆಗಳೂ ಇವೆ. ಡಬ್ಬಿಯ ಮುಚ್ಚಳ ಸಡಿಲವಾದರೆ ಬಚ್ಚಲಮನೆಯ ತೇವಕ್ಕೆ ಪುಡಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮಾರ್ಬಲ್ ನೆಲಕ್ಕೆ ಸಿಡಿದರೆ ಅಲ್ಲಿ ಮಂಕು ಮಚ್ಚೆ ಬೀಳುತ್ತದೆ, ತಕ್ಷಣ ತೊಳೆಯಬೇಕು. ಕಣ್ಣಿಗೆ ಹಾರಿದರೆ ಉರಿ. ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದ್ದು ಬ್ಲೀಚ್ ವಿಷಯದಲ್ಲಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಅದು ವಿಷ. ಬ್ಲೀಚ್ ಹಾಕಿದ ದಿನ ನಾನು ಈ ಡಬ್ಬಿ ಮುಟ್ಟುವುದೇ ಇಲ್ಲ.

ಕೊಳ್ಳುವ ಮುಂಚೆ ಗ್ಲೌಸ್ ಹಾಕಿದ ಬೆರಳಿನಿಂದ ಕಲೆ ಸವರಿ ನೋಡಿ. ಮರಳಿನಂತೆ ತರಿತರಿ ಅನಿಸಿದರೆ ಅದು ಬಹುಮಟ್ಟಿಗೆ ಸುಣ್ಣ, ಈ ಪುಡಿಗೆ ಬಗ್ಗುತ್ತದೆ. ನನ್ನ ಸ್ಟೀಲ್ ಜುಂಗಿನ ಗೀರುಗಳು ಮಾತ್ರ ಹಾಗೇ ಇವೆ. ಪುಡಿ ಹಾಕುವ ದಿನ ಬಂತು ಅಂತ ನನಗೆ ಗೊತ್ತಾಗುವುದು ಆ ಗೀರುಗಳು ಮೊದಲು ಕಪ್ಪಾದಾಗಲೇ.