ಟಿಡಿಎಸ್ ಮೀಟರ್ ಕ್ಯಾಲಿಬ್ರೇಶನ್: 342 ಪಿಪಿಎಂ ದ್ರಾವಣವೋ, 1413 ದ್ರಾವಣವೋ?

ಸಿಹಿನೀರಿನ ಅಕ್ವೇರಿಯಂಗೆ, ಅದರಲ್ಲೂ ಆರ್‌ಒ ನೀರಿಗೆ ಖನಿಜ ಬೆರೆಸಿ ಸೀಗಡಿ ಸಾಕುವವರಿಗೆ, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) ಮೀಟರ್ ಹೊಂದಿಸಲು 342 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 342 ಭಾಗ) ಸೋಡಿಯಂ ಕ್ಲೋರೈಡ್ ದ್ರಾವಣವೇ ಸರಿ. ನೀವು ದಿನವೂ ಅಳೆಯುವ 100ರಿಂದ 300ರ ಮಟ್ಟಕ್ಕೆ ಅದು ಹತ್ತಿರ.

1413 ಮೈಕ್ರೋಸೀಮನ್ಸ್ ದ್ರಾವಣ ಪೊಟ್ಯಾಸಿಯಂ ಕ್ಲೋರೈಡಿನದು. ಇಸಿ (ನೀರಿನ ವಿದ್ಯುತ್ ವಾಹಕತೆ) ತೋರಿಸುವ ಮೀಟರ್‌ಗೆ, ಗಡಸು ನೀರಿನ ಟ್ಯಾಂಕ್‌ಗೆ ಇದು ಒಳ್ಳೆಯದು. ಎಡವುವುದು ಪಿಪಿಎಂ ಮಾತ್ರ ತೋರಿಸುವ ಮೀಟರಿನಲ್ಲಿ: ವಾಹಕತೆಯನ್ನು ಪಿಪಿಎಂಗೆ ಬದಲಿಸುವ ಗುಣಕ 0.5 ಇದ್ದರೆ ಸುಮಾರು 707 ಬರಬೇಕು, 0.7 ಇದ್ದರೆ 989. ಗುಣಕ ತಿಳಿಯದೆ ಮೀಟರಿನ ಹೊಂದಾಣಿಕೆ ತಿರುಪು ತಿರುಗಿಸಿದರೆ ಸರಿಯಿದ್ದ ಮೀಟರೂ ಕೆಡುತ್ತದೆ.

ವಿಧಾನ ಎರಡಕ್ಕೂ ಒಂದೇ. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒದರಿ, 25 ಡಿಗ್ರಿಯ ದ್ರಾವಣದಲ್ಲಿ ಅದ್ದಿ, ಗುಳ್ಳೆ ಹೋಗುವಂತೆ ಮೆಲ್ಲಗೆ ಕಲಕಿ, ಅಂಕಿ ನಿಂತ ಮೇಲೆಯೇ ಹೊಂದಿಸಿ. ಉಷ್ಣತೆ ಒಂದು ಡಿಗ್ರಿ ಬದಲಾದರೆ ವಾಹಕತೆ ಸುಮಾರು ಶೇ. 2ರಷ್ಟು ಬದಲಾಗುತ್ತದೆ, ಅಗ್ಗದ ಮೀಟರಿನ ಸ್ವಯಂ ಉಷ್ಣತಾ ಹೊಂದಾಣಿಕೆಯನ್ನು ಪೂರ್ತಿ ನಂಬಬೇಡಿ. ಬಳಸಿದ ದ್ರಾವಣವನ್ನು ಬಾಟಲಿಗೆ ವಾಪಸ್ ಸುರಿಯಲೇಬೇಡಿ.

ಮನೆಯಲ್ಲೇ ತಯಾರಿಸುವುದಾದರೆ 1413 ಸುಲಭ: 0.746 ಗ್ರಾಂ ಒಣಗಿದ ಶುದ್ಧ ಪೊಟ್ಯಾಸಿಯಂ ಕ್ಲೋರೈಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಒಟ್ಟು 1 ಲೀಟರಿಗೆ ತನ್ನಿ. ತಕ್ಕಡಿ 0.001 ಗ್ರಾಂ ತೋರಿಸುವಂತಿರಲಿ. ಅಡುಗೆ ಉಪ್ಪಿನಿಂದ 342 ಮಾಡಲು ಹೋಗಬೇಡಿ. ಅದರಲ್ಲಿನ ತೇವ, ಬೆರಕೆ ಲೆಕ್ಕ ತಪ್ಪಿಸುತ್ತವೆ.