ವಿಲ್ಸನ್ ಎವಲ್ಯೂಷನ್ 6 ನಂಬರ್ ಬಾಸ್ಕೆಟ್‌ಬಾಲ್: ಹುಡುಗಿಯರ ಕೈಗೆ ಹೇಳಿ ಮಾಡಿಸಿದ್ದು, ನಮ್ಮ ಕಾಂಕ್ರೀಟಿಗೆ ಅಲ್ಲ

ಮಂಗಳೂರಿನ ಸ್ಪೋರ್ಟ್ಸ್ ಅಂಗಡಿಯಲ್ಲಿ ಬಾಸ್ಕೆಟ್‌ಬಾಲ್ ಕೇಳಿದರೆ ಸಾಮಾನ್ಯವಾಗಿ 7 ನಂಬರಿನದ್ದೇ ಕೌಂಟರಿಗೆ ಬರುತ್ತದೆ. ಮಗಳಿಗೆ ಬೇಕು ಎಂದು ಬಿಡಿಸಿ ಹೇಳದಿದ್ದರೆ ಅದನ್ನೇ ಹಿಡಿದುಕೊಂಡು ಮನೆಗೆ ಬರಬೇಕು. 7 ನಂಬರಿನ ಸುತ್ತಳತೆ 29.5 ಇಂಚು, ಹುಡುಗಿಯರ 6 ನಂಬರಿನದ್ದು 28.5 ಇಂಚು, ಅಂದರೆ ಸುಮಾರು 72.4 ಸೆಂಟಿಮೀಟರ್. ತೂಕದಲ್ಲಿ 6 ನಂಬರಿನದ್ದು 510ರಿಂದ 567 ಗ್ರಾಂ, 7 ಅದಕ್ಕಿಂತ ಸುಮಾರು 57 ಗ್ರಾಂ ಭಾರ. ಕೇಳಲು ಇದು ಏನೂ ಅಲ್ಲ. ಆದರೆ ದೊಡ್ಡ ಬಾಲನ್ನು ದೂರಕ್ಕೆ ಎಸೆಯುವ ಹುಡುಗಿಯ ಮೊಣಕೈ ಹೊರಕ್ಕೆ ವಾಲುತ್ತದೆ, ಇನ್ನೊಂದು ಕೈಯೂ ತಳ್ಳಲು ಸೇರಿಕೊಳ್ಳುತ್ತದೆ, ಬಾಲ್ ಹಣೆಯ ಬದಲು ಸೊಂಟದಿಂದ ಏಳುತ್ತದೆ. ಒಮ್ಮೆ ರೂಢಿಯಾದ ಈ ಎಸೆತವನ್ನು ಬಿಡಿಸುವುದು ಕೋಚ್‌ಗೂ ಕಷ್ಟ.

ಬಾಲ್ ಗಾತ್ರದ ಮಹಿಮೆ ತಿಳಿಯಬೇಕಾದರೆ ಅಮೆರಿಕದ ಕಾಲೇಜು ದಾಖಲೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಅಯೋವಾ ವಿಶ್ವವಿದ್ಯಾಲಯಕ್ಕೆ 2020ರಿಂದ 2024ರವರೆಗೆ ಆಡಿದ ಕೇಟ್ಲಿನ್ ಕ್ಲಾರ್ಕ್ 139 ಪಂದ್ಯಗಳಲ್ಲಿ 3,951 ಅಂಕ ಗಳಿಸಿದಳು. ಡಿವಿಷನ್ 1, ಅಂದರೆ ಮೇಲಿನ ದರ್ಜೆಯ ಕಾಲೇಜು ಆಟದಲ್ಲಿ ಗಂಡು ಹೆಣ್ಣು ಎರಡೂ ಸೇರಿ ಇದೇ ಅತಿ ಹೆಚ್ಚು. 2024ರ ಫೆಬ್ರವರಿ 15ರಂದು ಮಿಷಿಗನ್ ವಿರುದ್ಧ ಹಿಂದಿನ ಕಾಲೇಜು ಆಟಗಾರ್ತಿ ಕೆಲ್ಸಿ ಪ್ಲಮ್‌ಳ 3,527 ಅಂಕ ದಾಟಿದ್ದು ಕೋರ್ಟಿನ ನಡುವಿನ ಲಾಂಛನದ ಬಳಿಯಿಂದ ಹೊಡೆದ ಮೂರು ಅಂಕದ ಎಸೆತದಿಂದ. ಅದೇ ತಿಂಗಳ 28ಕ್ಕೆ ಕ್ಯಾನ್ಸಸ್‌ನ ಲಿನೆಟ್ ವುಡರ್ಡ್‌ಳ 3,649, ಮಾರ್ಚ್ 3ಕ್ಕೆ ಗಂಡಸರಲ್ಲಿ ಮೊದಲಿಗನಾಗಿದ್ದ ಪೀಟ್ ಮರಾವಿಚ್‌ನ 3,667 ದಾಟಿದಳು.

ಈ ನಾಲ್ಕು ಮೊತ್ತಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮರಾವಿಚ್ 1967ರಿಂದ 1970ರವರೆಗೆ ಮೂರೇ ಋತು, 83 ಪಂದ್ಯ ಆಡಿದ. ಆಚೆಯಿಂದ ಎಸೆದು ಹಾಕಿದರೆ ಮೂರು ಅಂಕ ಸಿಗುವ ಗೆರೆಯೇ ಆಗ ಇರಲಿಲ್ಲ. 1977ರಿಂದ 1981ರವರೆಗೆ ಆಡಿದ ವುಡರ್ಡ್‌ಗೂ ಆ ಗೆರೆ ಇರಲಿಲ್ಲ, ಮೇಲಾಗಿ ಅವಳ ಕೈಯಲ್ಲಿ ಇದ್ದದ್ದು ಗಂಡಸರ ದೊಡ್ಡ ಬಾಲ್. ಅಮೆರಿಕದ ಕಾಲೇಜು ಹುಡುಗಿಯರಿಗೆ ಸಣ್ಣ ಬಾಲ್ ಬಂದದ್ದು 1984–85ರ ಋತುವಿನಲ್ಲಿ. ಅಂದ ಮೇಲೆ ವುಡರ್ಡ್‌ಳ ಮೊತ್ತ ಹೆಚ್ಚು ಬೆವರಿನದ್ದು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಕ್ಲಾರ್ಕ್ ಮಾಡಿದ 548 ಮೂರು ಅಂಕದ ಎಸೆತಗಳು ಆ ದೊಡ್ಡ ಬಾಲಿನಲ್ಲಿ ಇಷ್ಟು ದೂರದಿಂದ ಸಾಧ್ಯವಿತ್ತೇ ಎಂಬುದು ಬೇರೆ ಪ್ರಶ್ನೆ. ಅವಳ ಮೊದಲ ವರ್ಷ ಗೆರೆ 20 ಅಡಿ 9 ಇಂಚಿನಲ್ಲಿತ್ತು, 2021–22ರಿಂದ 6.75 ಮೀಟರಿಗೆ ಹೋಯಿತು. ಅಂತರರಾಷ್ಟ್ರೀಯ ನಿಯಮದ ಗೆರೆಯೂ ಅದೇ 6.75. ನಿಯಮಕ್ಕೆ ಸರಿಯಾಗಿ ಬಣ್ಣ ಬಳಿದ ಕೋರ್ಟ್ ಮಂಗಳೂರಿನಲ್ಲಿದ್ದರೂ ಉಡುಪಿಯಲ್ಲಿದ್ದರೂ ಗೆರೆಯ ಹಿಂದೆ ನಿಂತ ಹುಡುಗಿಗೆ ಅಷ್ಟೇ ದೂರ, ಅಷ್ಟೇ ಎತ್ತರದ 10 ಅಡಿ ರಿಂಗ್. ಬಾಲ್ ಮಾತ್ರ ದೊಡ್ಡದು ಕೊಡುವುದು ಯಾವ ನ್ಯಾಯ?

ಇನ್ನು ಎವಲ್ಯೂಷನ್. ಅಮೆರಿಕದ ಹೈಸ್ಕೂಲುಗಳಲ್ಲಿ ತುಂಬ ಓಡುವ ಬಾಲ್ ಇದು. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ಟೂರ್ನಿಯಲ್ಲಿ ಕ್ಲಾರ್ಕ್ ಆಡಿದ್ದೂ ವಿಲ್ಸನ್ ಬಾಲಿನಲ್ಲೇ, ಆದರೆ ಈ ಮಾದರಿಯಲ್ಲ. ಅಂಗಡಿಯವರು ಎರಡನ್ನೂ ಸೇರಿಸಿ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. 2024ರ ಮೇ ತಿಂಗಳಲ್ಲಿ ವಿಲ್ಸನ್ ಅವಳ ಹೆಸರಿನ ಬಾಲ್ ತರುವ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಮೊದಲು ಆ ಕಂಪೆನಿಯಿಂದ ಅಂಥ ಗೌರವ ಸಿಕ್ಕಿದ್ದು ಮೈಕೆಲ್ ಜೋರ್ಡನ್‌ಗೆ ಮಾತ್ರ. ಯಾರ ಹೆಸರಿದ್ದರೂ ಕೊಳ್ಳುವಾಗ ನೋಡಬೇಕಾದ್ದು ಹೊದಿಕೆ ಯಾವುದು ಎಂಬುದನ್ನು.

ಎವಲ್ಯೂಷನ್‌ನ ಹೊದಿಕೆ ಮೈಕ್ರೋಫೈಬರಿನ ಕಂಪೋಸಿಟ್, ಅಂದರೆ ಕೃತಕ ಚರ್ಮ. ಅದರ ಅಡಿಯಲ್ಲಿ ಸ್ಪಂಜಿನಂಥ ಮೆತ್ತನೆಯ ರಬ್ಬರ್ ಪದರ ಇದೆ. ಹಿಡಿದ ಕೂಡಲೇ ಬೆರಳು ಸ್ವಲ್ಪ ಒಳಗೆ ಕೂರುತ್ತದೆ, ನೆಲಕ್ಕೆ ಬಡಿದರೆ ರಬ್ಬರ್ ಬಾಲಿನ ಟಣ್ ಸದ್ದಿಲ್ಲ. ಪಟ್ಟಿಗಳ ನಡುವಿನ ಕಪ್ಪು ಗೀರು ಕೂಡ ಅದೇ ಕಂಪೋಸಿಟ್ ಆದ್ದರಿಂದ ಬೆರಳು ಎಲ್ಲಿ ಬಿದ್ದರೂ ಜಾರುವುದಿಲ್ಲ. ನಕಲಿ ಗುರುತಿಸಲು ಇದೇ ಜಾಗ ಮುಟ್ಟಿ ನೋಡಿ: ಗೀರು ನುಣ್ಣಗೆ ಪ್ಲಾಸ್ಟಿಕ್ಕಿನಂತಿದ್ದರೆ ಅನುಮಾನ ಪಡಬೇಕು. ಅಲ್ಲೂ ತೃಪ್ತಿಯಾಗದಿದ್ದರೆ ಟೈಲರ್ ಟೇಪ್ ಸುತ್ತಿ, ಜೀನಸಿನ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಬಹುದು. ದೂರದ ಎಸೆತಕ್ಕೆ ಈ ಹಿಡಿತವೇ ಜೀವ. ಬೆರಳ ತುದಿ ಬಾಲಿಗೆ ಹಿಮ್ಮುಖ ತಿರುಗು ಕೊಟ್ಟರೆ ರಿಂಗಿಗೆ ತಾಗಿದ ಬಾಲ್ ಸತ್ತು ಒಳಗೆ ಬೀಳುತ್ತದೆ; ತಿರುಗು ಇಲ್ಲದ್ದು ಹಾರಿ ಆಚೆ ಹೋಗುತ್ತದೆ. ಹೊಸದರಲ್ಲಿ ಮೈ ಸ್ವಲ್ಪ ನಯ ಎನಿಸುವುದುಂಟು, ಕೆಲವು ದಿನ ಆಡಿದ ಮೇಲೆ ಹದಕ್ಕೆ ಬರುತ್ತದೆ.

ಇಷ್ಟೆಲ್ಲ ಒಳಾಂಗಣದ ಮರದ ನೆಲದ ಮಾತು. ತಯಾರಕರೂ ಇದನ್ನು ಒಳಾಂಗಣದ ಬಾಲ್ ಎಂದೇ ಮಾರುತ್ತಾರೆ. ಮಣಿಪಾಲದ ಮರೀನಾ ಒಳಾಂಗಣ ಕ್ರೀಡಾಂಗಣದಂಥ ಜಾಗದಲ್ಲಿ ಆಡುವವರಿಗೆ ಕೊಟ್ಟ ದುಡ್ಡು ಪೂರ್ತಿ ವಸೂಲಿ. ಆದರೆ ನಮ್ಮ ಶಾಲೆ ಕಾಲೇಜುಗಳ ಕೋರ್ಟ್ ಬಹುಪಾಲು ಬಯಲಿನ ಕಾಂಕ್ರೀಟು. ಅದು ಉಪ್ಪುಕಾಗದದ ಹಾಗೆ ಕಂಪೋಸಿಟ್ಟಿನ ಸಣ್ಣ ಗುಳ್ಳೆಗಳನ್ನು ತೇಯುತ್ತದೆ, ಆಮೇಲೆ ಬಾಲ್ ಬೋಳು. ಬೇಸಿಗೆಯಲ್ಲಿ ಅಂಗಳದ ಮುರಕಲ್ಲಿನ ಕೆಂಪು ಧೂಳು ಗುಳ್ಳೆಗಳ ಸಂದಿಗೆ ತುಂಬಿ ಹಿಡಿತ ಹೋಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಥೆ: ಈ ಹೊದಿಕೆ ಬೆವರನ್ನು ಹೀರಿಕೊಳ್ಳಲೆಂದೇ ಮಾಡಿದ್ದು, ಹಾಗಾಗಿ ಒದ್ದೆ ಕೋರ್ಟಿನ ನೀರನ್ನೂ ಹೀರುತ್ತದೆ. ತೂಕ ಏರುತ್ತದೆ, ಚೀಲದಲ್ಲಿ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಅಂಟು ಸಡಿಲವಾಗಿ ಪಟ್ಟಿಯ ಅಂಚು ಏಳುತ್ತದೆ. ಅದಕ್ಕೆ ಮತ್ತೆ ಫೆವಿಕ್ವಿಕ್ ಹಾಕಿದರೆ ಆ ಜಾಗ ಗಟ್ಟಿಯಾಗಿ ಬಾಲ್ ಅಡ್ಡಾದಿಡ್ಡಿ ಪುಟಿಯುತ್ತದೆ.

ಆದ್ದರಿಂದ ಬಯಲಿನಲ್ಲಿ ಆಡುವ ಹುಡುಗಿಗೆ 6 ನಂಬರಿನ ಒಳ್ಳೆಯ ರಬ್ಬರ್ ಬಾಲ್ ಸಾಕು. ನಿವಿಯಾ, ಕಾಸ್ಕೊ ಎರಡರಲ್ಲೂ ಸಿಗುತ್ತದೆ, ಎವಲ್ಯೂಷನ್‌ಗೆ ಕೊಡುವ ದುಡ್ಡಿನಲ್ಲಿ ಒಂದಕ್ಕಿಂತ ಹೆಚ್ಚೇ ಬರುತ್ತವೆ. ರಬ್ಬರ್ ಕೈಗೆ ಒರಟು, ಬೆವರಿದಾಗ ಜಾರುತ್ತದೆ, ಪುಟಿತವೂ ಸ್ವಲ್ಪ ಜಾಸ್ತಿ. ಆದರೆ ನೀರಿಗೆ ಹೆದರುವುದಿಲ್ಲ, ಧೂಳು ಹಿಡಿದರೆ ನಲ್ಲಿಯ ಕೆಳಗೆ ತೊಳೆಯಬಹುದು. ಮನೆಯಲ್ಲಿ ಎರಡು ಬಾಲಿಗೆ ದುಡ್ಡಿದ್ದರೆ ಅಭ್ಯಾಸಕ್ಕೆ ರಬ್ಬರ್, ಒಳಾಂಗಣದ ಪಂದ್ಯದ ಹಿಂದಿನ ವಾರಗಳಿಗೆ ಎವಲ್ಯೂಷನ್ ಎಂದು ಇಟ್ಟುಕೊಳ್ಳುವುದೇ ಜಾಣತನ. ಅಂತರಕಾಲೇಜು ಪಂದ್ಯಕ್ಕೆ ಯಾವ ಕಂಪೆನಿಯ ಬಾಲ್ ಎಂದು ಸಂಘಟಕರನ್ನು ಮೊದಲೇ ಕೇಳಿ, ಅದರಲ್ಲೇ ಕೈ ಪಳಗಿಸುವುದು ಇನ್ನೂ ಒಳ್ಳೆಯದು.

ಎವಲ್ಯೂಷನ್ ಕೊಂಡವರು ಅದನ್ನು ನೀರಲ್ಲಿ ಅದ್ದಬಾರದು. ಹಿಂಡಿದ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಒಣಗಿಸಿ, ಬಿಸಿಲಿಗೆ ಬೇಡ. ಗಾಳಿಯ ಒತ್ತಡ 7ರಿಂದ 9 ಪೌಂಡ್. ಅಳೆಯುವ ಗೇಜ್ ಇಲ್ಲದಿದ್ದರೆ ಬಾಲಿನ ತಳ ನೆಲದಿಂದ 1.8 ಮೀಟರ್ ಇರುವಂತೆ ಹಿಡಿದು ಬಿಡಿ, ಅದರ ನೆತ್ತಿ 1.2ರಿಂದ 1.4 ಮೀಟರಿಗೆ ಏರಿದರೆ ಸರಿ. ಮಧ್ಯಾಹ್ನ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ 8 ಪೌಂಡ್ ಇದ್ದದ್ದು 50 ಡಿಗ್ರಿ ಬಿಸಿಗೆ ಹತ್ತಿರ ಹತ್ತಿರ 10 ಆಗುತ್ತದೆ, ದಿನಾ ಹೀಗಾದರೆ ಬಾಲ್ ಊದಿ ಆಕಾರ ಕೆಡುತ್ತದೆ. ಅದರ ಮೇಲೆ ಕೂರುವುದು, ಫುಟ್‌ಬಾಲಿನ ಹಾಗೆ ಒದೆಯುವುದು ಇವೆರಡರಿಂದ ಮೊಟ್ಟೆಯ ಆಕಾರಕ್ಕೆ ತಿರುಗಿದ ಬಾಲನ್ನು ಯಾರೂ ರಿಪೇರಿ ಮಾಡಲಾರರು. ಬಾಲ್ ಮೆಲ್ಲ ಮೆಲ್ಲ ಇಳಿಯುತ್ತಿದ್ದರೆ ವಾಲ್ವಿನ ಮೇಲೆ ಒಂದು ಹನಿ ಸಾಬೂನು ನೀರು ಹಾಕಿ. ಗುಳ್ಳೆ ಎದ್ದರೆ ಗಾಳಿ ವಾಲ್ವಿನಿಂದ ಸೋರುತ್ತಿದೆ ಎಂದರ್ಥ; ಒಣ ಸೂಜಿ ಚುಚ್ಚಿ ಅದರ ರಬ್ಬರ್ ಹರಿದಿರಬಹುದು. ಸೂಜಿಗೆ ಗ್ಲಿಸರಿನ್ ಸವರಿ, ನೇರವಾಗಿ, ತಿರುಗಿಸದೆ ಒಳಗೆ ತೂರಿಸಬೇಕು. ತೆಂಗಿನೆಣ್ಣೆ ಕೈಗೆ ಸಿಗುತ್ತದೆಂದು ಅದನ್ನು ಹಚ್ಚಬೇಡಿ, ಎಣ್ಣೆಗೆ ರಬ್ಬರ್ ಮೆತ್ತಗಾಗುತ್ತದೆ.